‘ಅಬೌಟ್’ ಹಾಕುವ ಬೇಲಿ

ಅನುವಾದಕರ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಓಟದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಕಪ್ಪುಹಲಗೆಯ ಮುಂದೆ ನಡೆದ ಜಗಳವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಈ ಉಪನ್ಯಾಸಕ್ಕೆ ಕರೆದವರು ದೂರವಾಣಿಯಲ್ಲಿ ಎರಡು ಪ್ರಶ್ನೆ ಕೇಳಿದರು. ಯಾವುದರ ಬಗ್ಗೆ ಮಾತನಾಡುತ್ತೀರಿ? ಎಷ್ಟು ಹೊತ್ತು ಮಾತನಾಡುತ್ತೀರಿ? ಎರಡಕ್ಕೂ ಇಂಗ್ಲಿಷಿನಲ್ಲಿ ಉತ್ತರ ಹೇಳಿದೆ. ಮೊದಲನೆಯದಕ್ಕೆ ‘ಅಬೌಟ್ ಅಬೌಟ್’, ಎರಡನೆಯದಕ್ಕೆ ‘ಅಬೌಟ್ 40 ಮಿನಿಟ್ಸ್’. ಅವರು ನಕ್ಕರು. ಆಮೇಲೆ, “ಸರ್, ಆಮಂತ್ರಣಕ್ಕೆ ಕನ್ನಡದಲ್ಲಿ ಹೇಳಿ” ಎಂದರು. ಕನ್ನಡದಲ್ಲಿ ಹೇಳಲು ಬಾಯಿ ತೆರೆದೆ, ತಮಾಷೆ ಅಲ್ಲಿಗೇ ಸತ್ತಿತು. ಒಂದು ಕಡೆ ‘ಬಗ್ಗೆ’, ಇನ್ನೊಂದು ಕಡೆ ‘ಸುಮಾರು’. ಒಂದು ಪದದ ಹಿಂದೆ ನಿಲ್ಲುತ್ತದೆ, ಇನ್ನೊಂದು ಮುಂದೆ. ಇವೆರಡಕ್ಕೂ ನಂಟಿದೆ ಎಂದು ಕನ್ನಡದವರು ಯಾರೂ ಕನಸಿನಲ್ಲಿಯೂ ಎಣಿಸುವುದಿಲ್ಲ. ಇಂಗ್ಲಿಷಿನವನಿಗೆ ಎರಡೂ ಒಂದೇ ಪದ. ಯಾಕೆ ಒಂದೇ ಎಂದು ಹುಡುಕುತ್ತಾ ಹೋದದ್ದರ ಫಲ ಇವತ್ತಿನ ಮಾತು.

ಹಳೆಯ ಇಂಗ್ಲಿಷಿನಲ್ಲಿ ಈ ಪದದ ರೂಪ ‘ಆನ್‌ಬೂಟಾನ್’. ಬಿಡಿಸಿದರೆ ಮೂರು ತುಂಡು: ಆನ್, ಬಿ, ಊಟಾನ್. ಕೊನೆಯ ತುಂಡಿನಲ್ಲಿ ಇವತ್ತಿನ ‘ಔಟ್’ ಅಡಗಿದೆ. ಒಟ್ಟು ಅರ್ಥ, ಒಂದರ ಹೊರಬದಿಯಲ್ಲಿ. ಇದೇ ಪದದ ‘ಆನ್’ ಇಲ್ಲದ ತಮ್ಮ ‘ಬೂಟಾನ್’. ಅದು ಸವೆದು ಸವೆದು ‘ಬಟ್’ ಆಯಿತು. ‘ಎವ್ರಿವನ್ ಬಟ್ ಹಿಮ್’ ಎಂದರೆ ಅವನೊಬ್ಬನನ್ನು ಬಿಟ್ಟು ಎಲ್ಲರೂ. ಅವನು ಬೇಲಿಯ ಆಚೆ. ‘ಬಟ್’ ಬೇಲಿಯ ಆಚೆಗೆ ತಳ್ಳಿದರೆ ‘ಅಬೌಟ್’ ಬೇಲಿಯ ಗುಂಟ ನಡೆಸುತ್ತದೆ. ಹೊಲದ ಹೊರಬದಿಯಲ್ಲೇ ನಡೆಯುತ್ತಾ ಹೋದವನು ಕೊನೆಗೆ ಹೊಲವನ್ನು ಒಂದು ಸುತ್ತು ಹಾಕಿರುತ್ತಾನಲ್ಲ, ಹಾಗೆ ‘ಹೊರಗೆ’ ಎಂಬುದು ‘ಸುತ್ತ’ ಎಂದಾಯಿತು.

ಈ ‘ಸುತ್ತ’ ಕೈಗೆ ಸಿಕ್ಕಿತೆಂದರೆ ಉಳಿದ ಅರ್ಥಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಕವಾಯತಿನ ‘ಅಬೌಟ್ ಟರ್ನ್’ ಎಂದರೆ ಅರ್ಧ ಸುತ್ತು ತಿರುಗಿ ಬೆನ್ನ ಕಡೆಗೆ ಮುಖ ಮಾಡು. ಹಾಯಿಹಡಗು ‘ಗೋ ಅಬೌಟ್’ ಮಾಡಿದರೆ ಮೂತಿಯನ್ನು ಗಾಳಿಗೆ ಅಡ್ಡಲಾಗಿ ದಾಟಿಸಿ ಇನ್ನೊಂದು ದಿಕ್ಕಿಗೆ ಹೊರಳುತ್ತದೆ. ‘ಲೈಯಿಂಗ್ ಅಬೌಟ್’ ಎಂದರೆ ಸಾಮಾನು ಸುತ್ತಮುತ್ತ ಬಿದ್ದಿರುವುದು. ಇಂಥ ಕಡೆ ಅಮೆರಿಕದವರು ‘ಅರೌಂಡ್’ ಎನ್ನುವುದೇ ಹೆಚ್ಚು, ಬ್ರಿಟನ್ನಿನವರಿಗೆ ‘ಅಬೌಟ್’ ಇಷ್ಟ.

‘ಬಗ್ಗೆ’ ಎಂಬ ಅರ್ಥವನ್ನು ಸ್ವಲ್ಪ ನಿಂತು ನೋಡಬೇಕು. ‘ಐ ನೋ ಹಿಮ್’ ಎಂದರೆ ಅವನು ನನಗೆ ಗೊತ್ತು. ‘ಐ ನೋ ಅಬೌಟ್ ಹಿಮ್’ ಎಂದರೆ ಅವನ ಬಗ್ಗೆ ಗೊತ್ತು, ಅಂದರೆ ಅವನ ಮನೆಯ ಬಾಗಿಲು ನಾನು ತಟ್ಟಿಲ್ಲ, ಸುತ್ತಮುತ್ತಲಿನ ಸುದ್ದಿ ಕೇಳಿದ್ದೇನೆ. ವಿಷಯದೊಳಗೆ ಇಳಿಯದೆ ಅದರ ಸುತ್ತ ನಡೆಯುವ ಅರಿವು ಇದು. ನಮ್ಮ ಪದಗಳ ಗುಣ ಬೇರೆ. ‘ಕುರಿತು’ ಎಂಬುದು ‘ಗುರಿ’ಯ ಒಡಹುಟ್ಟು, ಬಾಣ ಹೂಡಿ ನಿಂತವನ ಪದ. ‘ಬಗ್ಗೆ’ಯ ಮೂಲದಲ್ಲಿರುವುದು ‘ಬಗೆ’, ಅಂದರೆ ರೀತಿ, ಮನಸ್ಸು, ಆಲೋಚನೆ. ಇಂಗ್ಲಿಷಿನವನು ವಿಷಯಕ್ಕೆ ಪ್ರದಕ್ಷಿಣೆ ಬರುತ್ತಾನೆ, ಕನ್ನಡದವನು ಗುರಿಯಿಡುತ್ತಾನೆ ಅಥವಾ ಬಗೆಯುತ್ತಾನೆ. ನಮ್ಮ ಉಪನ್ಯಾಸಗಳನ್ನು ಕೇಳಿದವರು ಇದನ್ನು ಒಪ್ಪಲಾರರು, ಆ ಮಾತು ಬೇರೆ.

ಈಗ ನಾನು ನಿಜವಾಗಿ ಹೇಳಲು ಬಂದದ್ದಕ್ಕೆ ಬರುತ್ತೇನೆ: ಸಂಖ್ಯೆಯ ಮುಂದೆ ನಿಲ್ಲುವ ‘ಅಬೌಟ್’. ‘ಅಬೌಟ್ 50’ ಎಂದವನಿಗೆ ಲೆಕ್ಕ ಗೊತ್ತಿಲ್ಲ ಎಂದು ನಾವು ತಿಳಿಯುತ್ತೇವೆ. ಹಾಗಲ್ಲ. ಗೊತ್ತಿಲ್ಲದವನು ಗೊತ್ತಿಲ್ಲ ಎನ್ನುತ್ತಾನೆ. ‘ಅಬೌಟ್ 50’ ಎಂದವನು 50ರಲ್ಲಿ ಒಂದು ಗೂಟ ನೆಟ್ಟು, ಅದರ ಸುತ್ತ ಬೇಲಿ ಹಾಕಿ, ಉತ್ತರ ಇದರೊಳಗೇ ಇದೆ ಎಂದು ಮಾತು ಕೊಡುತ್ತಿದ್ದಾನೆ. ಎಣಿಸಿದಾಗ 80 ಬಂದರೆ ಅವನು ಹೇಳಿದ್ದು ಸುಳ್ಳು. 52 ಬಂದರೆ ನಿಜ. ಹೀಗೆ ಮಾತಿನ ಅಂಚನ್ನು ಸಡಿಲಿಸುವ ಪದಗಳಿಗೆ ಭಾಷಾವಿಜ್ಞಾನಿ ಜಾರ್ಜ್ ಲೇಕಾಫ್ 1970ರ ದಶಕದ ಆರಂಭದಲ್ಲಿ ‘ಹೆಜ್’ ಎಂಬ ಹೆಸರು ಬಳಸಿದರು. ಆ ಪದದ ಅರ್ಥವೇ ಬೇಲಿ. ನನ್ನ ಹೋಲಿಕೆ ಎರವಲು ತಂದದ್ದು ಎಂದು ನೀವು ಹಿಡಿಯುವ ಮೊದಲೇ ಒಪ್ಪಿಕೊಂಡಿದ್ದೇನೆ.

ಬೇಲಿಯ ಅಗಲ ಎಷ್ಟು? ಪದ ಅದನ್ನು ಹೇಳುವುದಿಲ್ಲ. ಹೇಳುವುದು ಪಕ್ಕದಲ್ಲಿರುವ ಸಂಖ್ಯೆ. ‘ಸುಮಾರು 50 ಜನ’ ಎಂದರೆ ಕಿವಿಗೆ ಒಗ್ಗುತ್ತದೆ. ‘ಸುಮಾರು 47 ಜನ’ ಎಂದರೆ ಎಲ್ಲೋ ಕಲ್ಲು ಸಿಕ್ಕಿದ ಹಾಗಾಗುತ್ತದೆ: 47 ಎನ್ನುವಷ್ಟು ಎಣಿಸಿದವನಿಗೆ ಸುಮಾರು ಏಕೆ ಬೇಕು? ಬೇಲಿಗೆ ದುಂಡು ಸಂಖ್ಯೆಯ ಗೂಟವೇ ಆಗಬೇಕು, ಮತ್ತು ಸೊನ್ನೆಗಳು ಹೆಚ್ಚಿದಷ್ಟೂ ಹಗ್ಗ ಉದ್ದವಾಗುತ್ತದೆ. ಆದರೆ ದುಂಡು ಎನ್ನುವುದು ಹತ್ತರ ಮಗ್ಗಿಯಿಂದ ಮಾತ್ರ ಬರುವುದಲ್ಲ. ನಿಮಿಷಗಳ ಲೋಕದಲ್ಲಿ 15, 30, 45 ದುಂಡು. ‘ಸುಮಾರು 45 ನಿಮಿಷ’ ಸಲೀಸು, ‘ಸುಮಾರು 44 ನಿಮಿಷ’ ಎಡವಟ್ಟು.

ಇನ್ನೂ ಸೂಕ್ಷ್ಮವಾದ ಸಂಗತಿ ಅಳತೆಯ ಮಾನದಲ್ಲಿದೆ. ‘ಸುಮಾರು ಒಂದು ವರ್ಷ’, ‘ಸುಮಾರು 12 ತಿಂಗಳು’, ‘ಸುಮಾರು 365 ದಿನ’ ಇವುಗಳನ್ನು ಒಂದಾದ ಮೇಲೊಂದು ಹೇಳಿಕೊಳ್ಳಿ. ಕಾಲ ಒಂದೇ. ಮೊದಲನೆಯದರಲ್ಲಿ ಎರಡು ತಿಂಗಳು ಆಚೀಚೆ ಹೋದರೂ ಯಾರೂ ಕೇಳುವುದಿಲ್ಲ. ಎರಡನೆಯದರಲ್ಲಿ ಕೆಲವು ವಾರಗಳಿಗೆ ಮಾತ್ರ ಜಾಗ. ಮೂರನೆಯದನ್ನು ಹೇಳಿದವನು ದಿನಗಳನ್ನು ಗೋಡೆಯ ಮೇಲೆ ಗೀಚಿಕೊಂಡಿರಬೇಕು.

ಅನುವಾದಕರು ಬೀಳುವುದು ಇಲ್ಲೇ. ಮೂಲದಲ್ಲಿ ‘ಅಬೌಟ್ 1000 ಮೀಟರ್’ ಎಂದಿರುತ್ತದೆ. ನಾವು ಶ್ರದ್ಧೆಯಿಂದ ಗುಣಿಸಿ ‘ಸುಮಾರು 3,281 ಅಡಿ’ ಎಂದು ಬರೆಯುತ್ತೇವೆ. ಗುಣಾಕಾರ ಸರಿ, ಅನುವಾದ ತಪ್ಪು. ಮೂಲದವನು ನೂರಾರು ಅಡಿ ಅಗಲದ ಬೇಲಿ ಹಾಕಿದ್ದ. ನಾವು ಅದನ್ನು ಒಂದು ಅಡಿಗೆ ಕಿರಿದು ಮಾಡಿ, ಮೇಲೆ ‘ಸುಮಾರು’ ಎಂಬ ಫಲಕ ತೂಗುಹಾಕಿದೆವು. ಇದು ನಮ್ಮ ಕಸುಬಿನವರದ್ದಷ್ಟೇ ತಪ್ಪಲ್ಲ. 19ನೆಯ ಶತಮಾನದಲ್ಲಿ ಜರ್ಮನಿಯ ವೈದ್ಯ ಕಾರ್ಲ್ ವುಂಡರ್‌ಲಿಖ್ ಸಾವಿರಾರು ರೋಗಿಗಳ ಮೈಬಿಸಿ ಅಳೆದು, ಆರೋಗ್ಯವಂತನ ಸರಾಸರಿ 37 ಡಿಗ್ರಿ ಸೆಲ್ಸಿಯಸ್ ಎಂದರು. ದುಂಡಾದ, ಸಡಿಲವಾದ 37. ಅದು ಫ್ಯಾರನ್‌ಹೀಟ್‌ಗೆ ದಾಟಿದಾಗ 98.6 ಆಯಿತು. ಆ ದಶಮಾಂಶದ ಚುಕ್ಕೆಯನ್ನು ಯಾರೂ ಅಳೆದದ್ದಲ್ಲ, ಅದು ಗುಣಾಕಾರದಿಂದ ಉದುರಿದ್ದು. ಆದರೂ ಥರ್ಮಾಮೀಟರಿನಲ್ಲಿ 99 ಕಂಡರೆ ಹಣೆ ಮುಟ್ಟಿ ನೋಡಿಕೊಳ್ಳುವವರು ತಲೆಮಾರುಗಟ್ಟಲೆ ಹುಟ್ಟಿಕೊಂಡರು.

ಇದರ ತಿರುಗುಮುರುಗು ಕಥೆ ಎವರೆಸ್ಟಿನದು. ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯವರು 1856ರಲ್ಲಿ ಶಿಖರದ ಎತ್ತರ 29,002 ಅಡಿ ಎಂದು ಪ್ರಕಟಿಸಿದರು. ಲೆಕ್ಕದಲ್ಲಿ ಬಂದದ್ದು ಸರಿಯಾಗಿ 29,000 ಆಗಿತ್ತು, ಹಾಗೆಂದು ಹೇಳಿದರೆ ಜನ ಇದನ್ನು ಅಂದಾಜು ಎಂದುಕೊಳ್ಳುತ್ತಾರೆಂದು ಹೆದರಿ ಎರಡು ಅಡಿ ಸೇರಿಸಿದರು ಎಂಬ ಕಥೆಯಿದೆ. ಕಥೆ ನಿಜವೋ ಅಲ್ಲವೋ, ಅದು ನಂಬಿಕೆಗೆ ಅರ್ಹವಾಗಿ ಕಾಣುತ್ತದೆಯಲ್ಲ, ಅದು ಮುಖ್ಯ. ದುಂಡು ಸಂಖ್ಯೆ ತನ್ನ ‘ಸುಮಾರು’ವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತದೆ. ಪದ ಬೇಕಾಗಿಯೇ ಇಲ್ಲ. ಜನಗಣತಿಯವರಿಗೆ ಇದು ಚೆನ್ನಾಗಿ ಗೊತ್ತು. ವಯಸ್ಸು ಕೇಳಿದರೆ 39ರವರೂ 41ರವರೂ 40 ಎಂದುಬಿಡುತ್ತಾರೆ. ಹೀಗೆ ಸೊನ್ನೆ ಮತ್ತು ಐದರ ಮೇಲೆ ಎಷ್ಟು ಜನ ರಾಶಿಬಿದ್ದಿದ್ದಾರೆ ಎಂದು ಅಳೆಯಲು ವಿಪಲ್ ಸೂಚ್ಯಂಕ ಎಂಬ ಲೆಕ್ಕವೇ ಇದೆ. ಯಾವ ಒಲವೂ ಇಲ್ಲದಿದ್ದರೆ 100, ಎಲ್ಲರೂ ಸೊನ್ನೆ ಐದರಲ್ಲೇ ಕುಳಿತಿದ್ದರೆ 500. ಹೇಳದೆ ಬಿಟ್ಟ ‘ಅಬೌಟ್’ ಅನ್ನು ಅಳೆಯುವ ಕೋಲು ಎಂದು ನಾನು ಅದನ್ನು ಕರೆಯುತ್ತೇನೆ.

ಹಾಗಾದರೆ ಬೇಲಿಯ ಅಗಲವನ್ನು ಯಾರೂ ಬರೆದಿಟ್ಟಿಲ್ಲವೇ? ಬರೆದಿಟ್ಟಿದ್ದಾರೆ, ಬ್ಯಾಂಕಿನವರು. ದೇಶದಿಂದ ದೇಶಕ್ಕೆ ಸರಕು ಕಳಿಸುವಾಗ ಬಳಸುವ ಸಾಖಪತ್ರಗಳಿಗೆ (ಲೆಟರ್ ಆಫ್ ಕ್ರೆಡಿಟ್, ಅಂದರೆ ಕೊಳ್ಳುವವನ ಪರವಾಗಿ ಹಣ ಕೊಡುತ್ತೇವೆಂದು ಬ್ಯಾಂಕು ಬರೆದುಕೊಡುವ ಕಾಗದ) ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ನಿಯಮಾವಳಿಯಿದೆ. ಯುಸಿಪಿ 600 ಎಂದು ಅದರ ಹೆಸರು, 2007ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 30ನೆಯ ವಿಧಿಯ ಪ್ರಕಾರ ಮೊತ್ತ, ಪ್ರಮಾಣ ಅಥವಾ ಬಿಡಿ ದರದ ಜೊತೆಗೆ ‘ಅಬೌಟ್’ ಎಂದೋ ‘ಅಪ್ರಾಕ್ಸಿಮೇಟ್‌ಲಿ’ ಎಂದೋ ಇದ್ದರೆ, ಶೇಕಡಾ 10ರಷ್ಟು ಹೆಚ್ಚು ಅಥವಾ ಶೇಕಡಾ 10ರಷ್ಟು ಕಡಿಮೆ, ಅದರಾಚೆ ಇಲ್ಲ. ‘ಅಬೌಟ್ 1000 ಟನ್’ ಎಂದಿದ್ದರೆ 900ರಿಂದ 1100ರ ತನಕ. 1101 ಬಂದರೆ ಕಾಗದ ವಾಪಸು. ಅದೇ ನಿಯಮಾವಳಿಯ 3ನೆಯ ವಿಧಿ ತಾರೀಖಿಗೂ ಬೇಲಿ ಹಾಕಿದೆ: ‘ಆನ್ ಆರ್ ಅಬೌಟ್’ ಎಂದರೆ ಹೇಳಿದ ದಿನಕ್ಕಿಂತ ಐದು ದಿನ ಹಿಂದಿನಿಂದ ಐದು ದಿನ ಮುಂದಿನವರೆಗೆ, ಎರಡೂ ತುದಿ ಸೇರಿ. ಒಟ್ಟು 11 ದಿನ. ಕವಿಗಳೂ ವ್ಯಾಕರಣಕಾರರೂ ಮಾಡದ ಕೆಲಸವನ್ನು ದುಡ್ಡು ಮಾಡಿಸಿತು.

ನ್ಯಾಯಾಲಯದಲ್ಲಿ ಈ ಪದ ಸೋತ ಉದಾಹರಣೆಯೂ ಇದೆ. ಅಮೆರಿಕದಲ್ಲಿ ಜೆನೆಟಿಕ್ಸ್ ಇನ್‌ಸ್ಟಿಟ್ಯೂಟ್ ಎಂಬ ಕಂಪನಿಯ ಒಂದು ಪೇಟೆಂಟಿನಲ್ಲಿ, ಪ್ರೋಟೀನಿನ ಸಕ್ರಿಯತೆ ‘ಅಟ್ ಲೀಸ್ಟ್ ಅಬೌಟ್ 160,000’ ಎಂದು ಬರೆದಿತ್ತು. 1991ರಲ್ಲಿ ಮೇಲ್ಮನವಿ ನ್ಯಾಯಾಲಯ ಇದು ಸ್ಪಷ್ಟವಿಲ್ಲ ಎಂದು ಆ ಹಕ್ಕನ್ನು ತಳ್ಳಿಹಾಕಿತು. ಹಾಗೆಂದು ಪೇಟೆಂಟಿನಲ್ಲಿ ‘ಅಬೌಟ್’ ಬರೆಯಲೇಬಾರದು ಎಂದು ಅರ್ಥವಲ್ಲ, ಬೇರೆ ಪ್ರಕರಣಗಳಲ್ಲಿ ಅದು ಉಳಿದುಕೊಂಡಿದೆ. ಇಲ್ಲಿ ತೊಂದರೆ ನಮ್ಮ ಕಣ್ಣಿಗೂ ಬೀಳುವಂಥದ್ದು. ‘ಅಟ್ ಲೀಸ್ಟ್’ ಎಂದರೆ ಇಲ್ಲಿಂದ ಕೆಳಗಿಲ್ಲ ಎಂಬ ಕಲ್ಲುಗೋಡೆ. ‘ಅಬೌಟ್’ ಎಂದರೆ ಸಡಿಲು ಬೇಲಿ. ಗೋಡೆ ಕಟ್ಟಿ ಅದನ್ನು ಅಲ್ಲಾಡಿಸಿದರೆ ಗಡಿ ಎಲ್ಲಿ?

ನಗಬೇಡಿ. ನಮ್ಮ ಪತ್ರಿಕೆಗಳಲ್ಲಿ ‘ಸುಮಾರು 3 ಲಕ್ಷಕ್ಕೂ ಹೆಚ್ಚು ಜನ’ ಎಂದು ಓದದ ವಾರವಿಲ್ಲ. ಅದು ಇದೇ ತಪ್ಪು. ‘ಸುಮಾರು ನಾಲ್ಕೈದು’ ಎನ್ನುವುದು ಬೇಲಿಯ ಮೇಲೆ ಬೇಲಿ, ನಾಲ್ಕೈದರಲ್ಲಿ ಸುಮಾರು ಆಗಲೇ ಇದೆ. ಹಾಗೆಯೇ ‘ನಿಯರ್ಲಿ 100’ ಎಂಬುದನ್ನು ‘ಸುಮಾರು 100’ ಎಂದು ಬರೆಯುವುದೂ ಸರಿಯಲ್ಲ. ‘ನಿಯರ್ಲಿ’ಗೆ ಒಂದೇ ಮಗ್ಗುಲು, ಅದು ನೂರನ್ನು ಮುಟ್ಟಿಲ್ಲ. ನಮ್ಮ ‘ಹತ್ತಿರ ಹತ್ತಿರ ನೂರು’ ಅದಕ್ಕೆ ಸರಿಯಾದ ಜೋಡಿ. ಎರಡೂ ಮಗ್ಗುಲಿರುವ ‘ಅಬೌಟ್’ಗೆ ‘ಹೆಚ್ಚುಕಡಿಮೆ’ ಎಷ್ಟು ಚಂದದ ಪದ! ಹೆಚ್ಚೂ ಇದೆ, ಕಡಿಮೆಯೂ ಇದೆ, ನಡುವೆ ಸಂಖ್ಯೆ ಕುಳಿತಿದೆ.

‘ಸುಮಾರು’ ನಾವು ಹೊರಗಿನಿಂದ ತಂದುಕೊಂಡ ಪದ. ಪಾರಸಿಯಲ್ಲಿ ‘ಶುಮಾರ್’ ಎಂದರೆ ಎಣಿಕೆ. ನಮ್ಮಲ್ಲಿಗೆ ಬರುವಷ್ಟರಲ್ಲಿ ಎಣಿಕೆಯೇ ಎಣಿಸದಿರುವುದಕ್ಕೆ ಹೆಸರಾಯಿತು. ‘ಅಂದಾಜು’ ಕೂಡ ಅಲ್ಲಿಂದಲೇ ಬಂದದ್ದು, ಮೂಲದಲ್ಲಿ ಅಳತೆ ಎಂಬರ್ಥದ್ದು. ಬಂದ ಮೇಲೆ ‘ಸುಮಾರು’ ಇಲ್ಲಿನದೇ ಚೇಷ್ಟೆ ಕಲಿಯಿತು. ‘ಸುಮಾರು ನೂರು ಜನ ಬಂದಿದ್ದರು’ ಎಂದರೆ ಅಂದಾಜು. ಸಂಖ್ಯೆ ತೆಗೆದು ‘ಸುಮಾರು ಜನ ಬಂದಿದ್ದರು’ ಎಂದರೆ ತಕ್ಕಮಟ್ಟಿಗೆ ತುಂಬಿತ್ತು. ‘ಭಾಷಣ ಸುಮಾರಾಗಿತ್ತು’ ಎಂದರೆ, ಏನು ಹೇಳಲಿ, ಇವತ್ತು ಸಂಜೆ ನೀವು ಆ ಮಾತನ್ನು ಆಡದಿದ್ದರೆ ಸಾಕು. ‘ಅಬೌಟ್’ಗೆ ಈ ಎರಡು ಆಟಗಳು ಬರುವುದಿಲ್ಲ.

ಇನ್ನು ಎರವಲಿಲ್ಲದೆ ಕನ್ನಡ ಅಂದಾಜು ಮಾಡುವ ರೀತಿ ನೋಡಿ. ಪದವನ್ನೇ ಕರೆಯುವುದಿಲ್ಲ, ಸಂಖ್ಯೆಗೆ ಸಂಖ್ಯೆ ಬೆಸೆಯುತ್ತದೆ: ಒಂದೆರಡು, ಏಳೆಂಟು, ಹತ್ತಿಪ್ಪತ್ತು. ಅಥವಾ ಮುಂದೊಂದು ‘ಒಂದು’ ಇಡುತ್ತದೆ: ‘ಒಂದು ಹತ್ತು ಜನ ಬರಬಹುದು’. ಇಲ್ಲಿ ‘ಒಂದು’ ಎಣಿಕೆಯಲ್ಲ. ಚೆಲ್ಲಾಪಿಲ್ಲಿಯಾಗಿರುವ ಹತ್ತು ಜನರನ್ನು ಕಟ್ಟಿ ಒಂದು ಕಂತೆ ಮಾಡುವ ಹುರಿ ಅದು. ಇಂಗ್ಲಿಷಿನ ‘ಸಮ್ 50 ಪೀಪಲ್’ನಲ್ಲಿ ‘ಸಮ್’ ಮಾಡುವುದೂ ಇದನ್ನೇ. ‘ಥರ್ಟಿ-ಆಡ್’ಗೆ ನಮ್ಮ ‘ಮೂವತ್ತು ಚಿಲ್ಲರೆ’ ಹೇಳಿ ಮಾಡಿಸಿದಂತಿದೆ. ಅಲ್ಲಿ ನಡುವಿನ ಸಣ್ಣ ಗೆರೆ ಬಿಟ್ಟುಹೋದರೆ ಮೂವತ್ತು ವಿಚಿತ್ರ ಮನುಷ್ಯರು ಎಂದಾದೀತು. ನಮ್ಮ ಚಿಲ್ಲರೆಗೆ ಆ ಅಪಾಯವಿಲ್ಲ, ಬೇರೆ ಅಪಾಯವಿದೆ.

ಸಂಖ್ಯೆಯಿಂದ ಕಾಲಕ್ಕೆ ಬರೋಣ. ‘ಅಬೌಟ್ ಟು’ ಎಂದರೆ ಇನ್ನೇನು ಆಗಲಿರುವುದು. ‘ಶಿ ವಾಸ್ ಅಬೌಟ್ ಟು ಸ್ಪೀಕ್’: ಅವಳು ಮಾತನಾಡುವುದರಲ್ಲಿದ್ದಳು. ಮಾತಿನ ಅಂಚಿನಲ್ಲಿ ನಿಂತಿದ್ದಾಳೆ, ತುಟಿ ತೆರೆದಿದೆ, ಸದ್ದು ಹೊರಟಿಲ್ಲ. ಮತ್ತೆ ಅದೇ ಬೇಲಿ, ಈ ಸಲ ಒಂದು ಕೆಲಸದ ಸುತ್ತ. ಆದರೆ ‘ನಾಟ್ ಅಬೌಟ್ ಟು’ ಬಂದರೆ ಎಚ್ಚರ. ಕಸುಬಿನ ಮೊದಲ ವರ್ಷಗಳಲ್ಲಿ ‘ಹಿ ವಾಸ್ ನಾಟ್ ಅಬೌಟ್ ಟು ಸೈನ್’ ಎಂಬ ವಾಕ್ಯವನ್ನು ನಾನು ‘ಅವರು ಸಹಿ ಹಾಕುವ ಸ್ಥಿತಿಯಲ್ಲಿರಲಿಲ್ಲ’ ಎಂದು ಅನುವಾದಿಸಿದೆ. ಕರಡು ತಿದ್ದುತ್ತಿದ್ದ ಹಿರಿಯರು ಕನ್ನಡಕ ಹಣೆಗೇರಿಸಿ ಕೇಳಿದರು: “ಏನಪ್ಪಾ, ಇವರ ಕೈಗೆ ಏನಾಯಿತು?” ಕೈಗೆ ಏನೂ ಆಗಿರಲಿಲ್ಲ. ಇಂಗ್ಲಿಷಿನಲ್ಲಿ, ಅದರಲ್ಲೂ ಅಮೆರಿಕದವರ ಬಾಯಲ್ಲಿ, ಆ ಮಾತಿನ ಅರ್ಥ ‘ಸಹಿ ಹಾಕುವ ಆಸಾಮಿ ಅವನಲ್ಲ’. ಸುತಾರಾಂ ಒಪ್ಪದವನು ಆತ. ಹಿರಿಯರು ಕೆಂಪು ಶಾಯಿಯಲ್ಲಿ ‘ಸಹಿ ಹಾಕಲು ಅವರೇನೂ ತಯಾರಿರಲಿಲ್ಲ’ ಎಂದು ಬರೆದರು. ಆ ‘ಏನೂ’ದಲ್ಲಿ ಇಡೀ ವಾಕ್ಯದ ಹಟ ಬಂದು ಕುಳಿತಿತ್ತು.

ಅಂದಾಜಿನ ಪದವೂ ಇನ್ನೇನು ಎಂಬ ಪದವೂ ಒಂದೇ ಆಗಿರುವುದು ಇಂಗ್ಲಿಷಿನ ಹುಚ್ಚು ಎಂದು ನಾನು ಬಹಳ ಕಾಲ ನಂಬಿದ್ದೆ. ಆಮೇಲೆ ಆರ್ಯಭಟ ಎದುರಾದ. ಕ್ರಿ.ಶ. 499ರ ಸುಮಾರಿಗೆ ರಚಿಸಿದ ಗಣಿತ ಶ್ಲೋಕದಲ್ಲಿ ಆತ ಹೇಳುವುದು ಹೀಗೆ: ನೂರಕ್ಕೆ ನಾಲ್ಕು ಸೇರಿಸಿ, ಎಂಟರಿಂದ ಗುಣಿಸಿ, 62,000 ಕೂಡಿಸಿ, 20,000 ವ್ಯಾಸದ ವೃತ್ತದ ಪರಿಧಿ ಇದು. 62,832 ಅನ್ನು 20,000ದಿಂದ ಭಾಗಿಸಿದರೆ 3.1416. ಆದರೆ ಆತ ‘ಇದು’ ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ‘ಆಸನ್ನ’ ಎಂಬ ಪದ ಇಟ್ಟ. ಆಸನ್ನ, ಅಂದರೆ ಹತ್ತಿರ ಬಂದದ್ದು, ಪಕ್ಕದಲ್ಲಿ ಕುಳಿತದ್ದು. ಪರಿಧಿಯ ಬೆಲೆ ಇದೇ ಅಲ್ಲ, ಇದರ ಹತ್ತಿರ. ಲ್ಯಾಟಿನ್ನಿನಿಂದ ಬಂದ ‘ಅಪ್ರಾಕ್ಸಿಮೇಟ್’ನ ಒಳಗಿರುವುದೂ ಹತ್ತಿರ ಹೋಗುವುದೇ. ಈಗ ಕನ್ನಡದಲ್ಲಿ ‘ಆಸನ್ನ’ವನ್ನು ನಾವು ಎಲ್ಲಿ ಕೇಳುತ್ತೇವೆ? ಮರಣಾಸನ್ನ. ಇನ್ನೇನು ಪ್ರಾಣ ಹೋಗಲಿರುವವನು. ‘ಅಬೌಟ್ 3.1416’ ಮತ್ತು ‘ಅಬೌಟ್ ಟು ಡೈ’, ಎರಡಕ್ಕೂ ಒಂದೇ ‘ಆಸನ್ನ’! ಈ ಸಾಲು ಹೊಳೆದ ರಾತ್ರಿ ನಾನು ಎದ್ದು ದೀಪ ಹಾಕಿದ್ದೆ, ಮನೆಯವರಿಗೆ ಕಾರಣ ಹೇಳಲು ಧೈರ್ಯ ಬರಲಿಲ್ಲ.

ಉಳಿದವನ್ನು ಓಡಿಸುತ್ತೇನೆ. ‘ಅಬೌಟ್’ ಎಲ್ಲ ಗುಣವಾಚಕಕ್ಕೂ ಅಂಟುವುದಿಲ್ಲ. ‘ಅಬೌಟ್ ರೆಡಿ’ ಎನ್ನಬಹುದು, ‘ಅಬೌಟ್ ಟಾಲ್’ ಎನ್ನುವಂತಿಲ್ಲ, ಯಾಕೆಂದರೆ ಸಿದ್ಧತೆಗೆ ಮುಗಿಯುವ ಬಿಂದುವಿದೆ, ಎತ್ತರಕ್ಕಿಲ್ಲ. ಗೂಟವಿಲ್ಲದೆ ಬೇಲಿ ಇಲ್ಲ. ‘ಇಟ್ಸ್ ಅಬೌಟ್ ಟೈಮ್’ ಎಂಬುದನ್ನು ‘ಸುಮಾರು ಸಮಯವಾಯಿತು’ ಎಂದು ಬರೆದವರಿದ್ದಾರೆ. ಅದು ‘ಅಂತೂ ಈಗಲಾದರೂ ಆಯಿತಲ್ಲ’ ಎಂಬ ಕೊಂಕು. ‘ಐ ಹ್ಯಾವ್ ಹ್ಯಾಡ್ ಜಸ್ಟ್ ಅಬೌಟ್ ಎನಫ್’ ಎಂದು ಯಾರಾದರೂ ನಿಮ್ಮ ಮುಖ ನೋಡಿ ಹೇಳಿದರೆ ಅಲ್ಲಿ ಅಂದಾಜು ಏನೂ ಉಳಿದಿಲ್ಲ. ಸಾಕು ಸಾಕಾಗಿದೆ ಎಂದರ್ಥ. ಅಲ್ಲಿಂದ ಎದ್ದು ಹೋಗುವುದು ಒಳ್ಳೆಯದು.

ಇಷ್ಟು ಹೇಳಿ ಹಲಗೆಯ ಮೇಲೆ ಒಂದು ವಾಕ್ಯ ಬರೆದೆ. ‘ಅಬೌಟ್ 20 ಪೀಪಲ್ ವರ್ ಸ್ಟ್ಯಾಂಡಿಂಗ್ ಅಬೌಟ್, ಟಾಕಿಂಗ್ ಅಬೌಟ್ ವಾಟ್ ವಾಸ್ ಅಬೌಟ್ ಟು ಹ್ಯಾಪನ್.’ ಒಂದು ವಾಕ್ಯ, ನಾಲ್ಕು ‘ಅಬೌಟ್’. ಕನ್ನಡದಲ್ಲಿ ಹೇಳಿ ಎಂದೆ.

ಮುಂದಿನ ಸಾಲಿನ ಯುವಕರೊಬ್ಬರು ಒಂದೇ ಉಸಿರಿನಲ್ಲಿ ಹೇಳಿದರು: “ಸುಮಾರು 20 ಜನರು ಸುತ್ತಲೂ ನಿಂತುಕೊಂಡು ಏನು ಸಂಭವಿಸಲಿದೆಯೋ ಅದರ ಬಗ್ಗೆ ಮಾತನಾಡುತ್ತಿದ್ದರು.” ತಪ್ಪೇನಿಲ್ಲ. ಆದರೆ ‘ಸುತ್ತಲೂ’ ಎಂದ ಕೂಡಲೇ ನಡುವೆ ಏನೋ ಇದೆ, ಜನ ಅದನ್ನು ಮುತ್ತಿಕೊಂಡಿದ್ದಾರೆ ಎಂಬ ಚಿತ್ರ ಬಂತು. ಮೂಲದಲ್ಲಿ ಅವರು ಸುಮ್ಮನೆ ಅಲ್ಲಲ್ಲಿ ನಿಂತವರು. ಹಿಂದಿನಿಂದ ಒಬ್ಬ ಹಿರಿಯ ಮಹಿಳೆ ಎದ್ದರು. “ಒಂದಿಪ್ಪತ್ತು ಜನ ಅಲ್ಲಲ್ಲಿ ನಿಂತು, ಇನ್ನೇನು ಆಗಲಿದೆ ಎಂದು ಮಾತನಾಡಿಕೊಳ್ಳುತ್ತಿದ್ದರು.” ಸಭೆ ಚಪ್ಪಾಳೆ ತಟ್ಟಿತು. ‘ಬಗ್ಗೆ’ ಮಾಯವಾಗಿದ್ದನ್ನು ಯಾರೂ ಗಮನಿಸಲಿಲ್ಲ. ‘ಮಾತನಾಡಿಕೊಳ್ಳು’ ಎಂಬುದರ ‘ಕೊಳ್ಳು’ ಅದನ್ನು ನುಂಗಿ ನೀರು ಕುಡಿದಿತ್ತು.

ಯುವಕರು ಬಿಡಲಿಲ್ಲ. “ಮೇಡಂ, ಒಂದಿಪ್ಪತ್ತು ಎಂದರೆ 21 ಎಂದು ಓದುವುದಿಲ್ಲವೇ?”

“ಇಪ್ಪತ್ತೊಂದಕ್ಕೆ ಇಪ್ಪತ್ತೊಂದು ಎನ್ನುತ್ತೇವಲ್ಲಪ್ಪಾ” ಎಂದರು ಅವರು, ಕುಳಿತುಕೊಳ್ಳುತ್ತಾ.

ಗಡಿಯಾರ ನೋಡಿದೆ. 43 ನಿಮಿಷವಾಗಿತ್ತು.